ಐಸಿಯುನಲ್ಲಿರುವ ಅಪ್ಪನನ್ನು ನೋಡಲು ಐದು ವರ್ಷದ ಮಗನನ್ನು ಕರೆದೊಯ್ಯಬಹುದೇ?

ಇಬ್ಬರ ಅಮ್ಮ (ಭಾನುವಾರ, ರಾತ್ರಿ 11:20)

ನನ್ನ ಪತಿ ಒಂಬತ್ತು ದಿನಗಳಿಂದ ತೀವ್ರ ನಿಗಾ ಘಟಕದಲ್ಲಿದ್ದಾರೆ. ನ್ಯುಮೋನಿಯಾ ಎರಡೂ ಶ್ವಾಸಕೋಶಗಳಿಗೆ ಹರಡಿದ್ದರಿಂದ ಬಾಯಿಯೊಳಗೆ ಕೊಳವೆ ಇಳಿಸಿ ವೆಂಟಿಲೇಟರ್ ಹಾಕಿದ್ದಾರೆ, ನಿದ್ರೆ ಬರಿಸುವ ಔಷಧಿಯನ್ನು ನಿರಂತರವಾಗಿ ಕೊಡುತ್ತಿದ್ದಾರೆ. ಇನ್ನೂ ಒಂದು ವಾರ ಕಳೆಯದೆ ಏನನ್ನೂ ಹೇಳಲಾಗದು ಎಂದು ವೈದ್ಯರು ತಿಳಿಸಿದ್ದಾರೆ.

ನಮಗೆ ಇಬ್ಬರು ಮಕ್ಕಳು. ಮಗಳಿಗೆ ಹನ್ನೊಂದು ವರ್ಷ, ಮಗನಿಗೆ ಐದು. ಅಪ್ಪನಿಗೆ ಹುಷಾರಿಲ್ಲ, ಆಸ್ಪತ್ರೆಯಲ್ಲಿದ್ದಾರೆ ಎಂದಷ್ಟೇ ಇಬ್ಬರಿಗೂ ಹೇಳಿದ್ದೇನೆ. ಮಗಳು ಏನನ್ನೂ ಕೇಳುವುದಿಲ್ಲ, ಆದರೆ ನಾನು ಫೋನಿನಲ್ಲಿ ಮಾತನಾಡುವಾಗಲೆಲ್ಲ ಬಾಗಿಲ ಮರೆಯಲ್ಲಿ ನಿಂತಿರುತ್ತಾಳೆ. ಮಗ ಮೊನ್ನೆ ರಾತ್ರಿ ಮಲಗುವ ಹೊತ್ತಿಗೆ, "ನಾನು ಅಪ್ಪನ ಬೆನ್ನ ಮೇಲೆ ಹತ್ತಿ ಕುಣಿದೆನಲ್ಲ, ಅದಕ್ಕೇ ಅಪ್ಪನಿಗೆ ಉಸಿರು ಬರ್ತಿಲ್ವಾ?" ಎಂದು ಕೇಳಿದ. ಅಲ್ಲ ಕಂದ ಎಂದು ಹೇಳಿದೆನಾದರೂ ಅವನು ನಂಬಿದಂತೆ ಕಾಣಲಿಲ್ಲ.

ಹನ್ನೆರಡು ವರ್ಷಕ್ಕಿಂತ ಚಿಕ್ಕವರಿಗೆ ಪ್ರವೇಶವಿಲ್ಲ ಎಂದು ಘಟಕದ ಬಾಗಿಲಲ್ಲೇ ಫಲಕ ಹಾಕಿದ್ದಾರೆ. ಅತ್ತೆಯವರಿಗೂ ಮಕ್ಕಳನ್ನು ಕರೆದೊಯ್ಯುವುದು ಸುತರಾಂ ಇಷ್ಟವಿಲ್ಲ. ನನ್ನ ತಮ್ಮ ಮಾತ್ರ ಕರೆದುಕೊಂಡು ಹೋಗು ಎನ್ನುತ್ತಿದ್ದಾನೆ. ಇಂಥ ಸ್ಥಿತಿಯನ್ನು ಕಂಡವರು ದಯವಿಟ್ಟು ಹೇಳಿ. ಕರೆದೊಯ್ದು ನೊಂದವರಿದ್ದೀರಾ, ಕರೆದೊಯ್ಯದೆ ನೊಂದವರಿದ್ದೀರಾ?

ತಣ್ಣೆಳಲು (ರಾತ್ರಿ 11:34)

ದಯವಿಟ್ಟು ಬೇಡ ಮೇಡಂ. ಮಕ್ಕಳ ಮನಸ್ಸಿನಲ್ಲಿ ಅಪ್ಪ ನಗುನಗುತ್ತಾ ಇದ್ದಂತೆಯೇ ಉಳಿಯಲಿ.

ಹೊರಗೆ ನಿಂತವನು (ರಾತ್ರಿ 11:58)

ತಣ್ಣೆಳಲು ಅವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಇದೇ ಮಾತನ್ನು ನನ್ನ ವಿಷಯದಲ್ಲೂ ಹೇಳಿದ್ದರು, ಅದರ ಫಲವನ್ನು ನಾನು ಇಂದಿಗೂ ಉಣ್ಣುತ್ತಿದ್ದೇನೆ.

ನನಗೆ ಎಂಟು ವರ್ಷವಾಗಿದ್ದಾಗ ಅಮ್ಮ ಹದಿನೇಳು ದಿನ ಐಸಿಯುನಲ್ಲಿದ್ದಳು. ಅಮ್ಮ ಊರಿಗೆ ಹೋಗಿದ್ದಾಳೆ, ಬರುತ್ತಾಳೆ ಎಂದು ದೊಡ್ಡವರು ಹೇಳುತ್ತಿದ್ದರು. ದಿನವೂ ಅಪ್ಪನ ಅಂಗಿಯಿಂದ ಆಸ್ಪತ್ರೆಯ ವಾಸನೆ ಬರುತ್ತಿತ್ತು, ಅಪ್ಪನ ಕಣ್ಣು ಕೆಂಪಾಗಿರುತ್ತಿತ್ತು, ನಾನು ಕೋಣೆಗೆ ಬಂದೊಡನೆ ಎಲ್ಲರೂ ಮಾತು ನಿಲ್ಲಿಸುತ್ತಿದ್ದರು. ಹದಿನೆಂಟನೆಯ ದಿನ ಅಮ್ಮ ಇನ್ನಿಲ್ಲ ಎಂದರು. ಅಮ್ಮನನ್ನು ಅಲ್ಲಿ ಏನು ಮಾಡಿದರು, ನೋವಾಯಿತೇ, ನನ್ನನ್ನು ಕರೆದಳೇ ಎಂಬುದನ್ನೆಲ್ಲ ನಾನೇ ಊಹಿಸಿಕೊಂಡೆ. ಎಂಟು ವರ್ಷದ ಹುಡುಗನ ಊಹೆ ಯಾವ ಐಸಿಯುಗಿಂತಲೂ ಭೀಕರವಾಗಿರುತ್ತದೆ. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಗೆಳೆಯನನ್ನು ನೋಡಲೆಂದು ಮೊದಲ ಬಾರಿಗೆ ಅಂಥ ಘಟಕದೊಳಗೆ ಕಾಲಿಟ್ಟೆ. ಬಿಳಿ ಹಾಸಿಗೆ, ಯಂತ್ರ, ಪಕ್ಕದಲ್ಲಿ ನಿಂತು ಅವನ ತುಟಿಗೆ ಒದ್ದೆ ಹತ್ತಿ ಸವರುತ್ತಿದ್ದ ಒಬ್ಬ ನರ್ಸ್. ಇಷ್ಟೇನಾ ಎನಿಸಿತು. ಅಮ್ಮನ ತುಟಿಗೂ ಯಾರೋ ಹೀಗೆ ಹತ್ತಿ ಸವರಿರಬೇಕು ಎಂದು ತಿಳಿಯಲು ನನಗೆ ಇಪ್ಪತ್ತಾರು ವರ್ಷ ಹಿಡಿಯಿತು.

ಒಂಬತ್ತರ ನೆನಪು (ಸೋಮವಾರ, ಬೆಳಗ್ಗೆ 6:15)

ನನ್ನ ಅನುಭವ ಇದಕ್ಕೆ ತದ್ವಿರುದ್ಧವಾದುದು, ಆದ್ದರಿಂದ ಅದನ್ನೂ ಹೇಳಬೇಕು. ಒಂಬತ್ತು ವರ್ಷದವಳಾಗಿದ್ದಾಗ ನನ್ನನ್ನು ಚಿಕ್ಕಪ್ಪ ಕೈಹಿಡಿದು ನೇರವಾಗಿ ಅಜ್ಜನ ಹಾಸಿಗೆಯ ಬಳಿ ನಿಲ್ಲಿಸಿದರು. ಒಳಗೆ ಏನಿರುತ್ತದೆಂದು ಯಾರೂ ಒಂದು ಮಾತು ಹೇಳಿರಲಿಲ್ಲ. ಅಜ್ಜನ ಮುಖ ಗುರುತು ಸಿಗದಷ್ಟು ಊದಿಕೊಂಡಿತ್ತು, ಎರಡೂ ಕೈಗಳನ್ನು ಮಂಚಕ್ಕೆ ಬಟ್ಟೆಯಿಂದ ಕಟ್ಟಿದ್ದರು. ಹಿಂದೆ ನಿಂತ ದೊಡ್ಡವರೆಲ್ಲ ಅಳುತ್ತಿದ್ದರು, ಯಾರೋ "ಅಜ್ಜನಿಗೆ ಮುತ್ತು ಕೊಡು" ಎಂದು ಬೆನ್ನಿಗೆ ಕೈಹಚ್ಚಿ ತಳ್ಳಿದರು. ಆಮೇಲೆ ಎಷ್ಟೋ ತಿಂಗಳು, ನನ್ನ ಕೈಗಳನ್ನು ಯಾರೋ ಕಟ್ಟುತ್ತಿದ್ದಾರೆಂದು ನಡುರಾತ್ರಿ ಎಚ್ಚರಗೊಳ್ಳುತ್ತಿದ್ದೆ.

ಹನ್ನೊಂದು ವರ್ಷದ ಮಗಳ ಮಾತು ಬೇರೆ. ಐದು ವರ್ಷದವನನ್ನು ಕರೆದೊಯ್ಯುವುದಕ್ಕೆ ಮಾತ್ರ ನನ್ನ ಮನಸ್ಸು ಒಪ್ಪುವುದಿಲ್ಲ.

ರಾತ್ರಿಪಾಳಿ (ಬೆಳಗ್ಗೆ 8:05)

ಹನ್ನೆರಡು ವರ್ಷಗಳಿಂದ ಐಸಿಯುನಲ್ಲಿ ನರ್ಸ್ ಆಗಿದ್ದೇನೆ, ಈಗಷ್ಟೇ ಪಾಳಿ ಮುಗಿಸಿ ಬಂದು ಇದನ್ನು ಓದುತ್ತಿದ್ದೇನೆ. ಒಂಬತ್ತರ ನೆನಪು ಅವರೇ, ನಿಮಗೆ ಆದದ್ದನ್ನು ಓದಿ ಸಂಕಟವಾಯಿತು. ಕೊಳವೆಯನ್ನು ಅರೆಪ್ರಜ್ಞೆಯಲ್ಲಿ ಎಳೆದುಕೊಂಡಾರೆಂದು ಕೆಲವೊಮ್ಮೆ ಕೈ ಕಟ್ಟಬೇಕಾಗುತ್ತದೆ. ರಕ್ತನಾಳದ ಮೂಲಕ ಕೊಡುವ ದ್ರವ ಮೈಯಲ್ಲಿ ನಿಂತು ಮುಖ ಊದಿಕೊಳ್ಳುತ್ತದೆ. ಈ ಎರಡು ವಾಕ್ಯಗಳನ್ನು ಯಾರಾದರೂ ನಿಮಗೆ ಬಾಗಿಲ ಹೊರಗೇ ಹೇಳಬೇಕಾಗಿತ್ತು.

ಇಬ್ಬರ ಅಮ್ಮ ಅವರಿಗೆ, ನಾನು ಮಾಡುವ ಕ್ರಮವನ್ನು ತಿಳಿಸುತ್ತೇನೆ. ಮಗು ಬರುವ ಹಿಂದಿನ ದಿನ, ನಮ್ಮ ಅನುಮತಿ ಪಡೆದು ಹಾಸಿಗೆಯ ಒಂದೆರಡು ಫೋಟೋ ತೆಗೆದುಕೊಳ್ಳಿ. ಬೇರೆ ರೋಗಿಗಳು ಅದರಲ್ಲಿ ಬರಕೂಡದು. ಮೊದಲು ಕೈಯ ಫೋಟೋ ತೋರಿಸಿ, ಆಮೇಲೆ ಯಂತ್ರದ್ದು, ಕೊನೆಗೆ ಮುಖದ್ದು. ಪ್ರತಿಯೊಂದು ವಸ್ತುವಿಗೂ ಅದು ಮಾಡುವ ಕೆಲಸವನ್ನೇ ಹೆಸರಾಗಿ ಕೊಡಿ. ಬಾಯಲ್ಲಿರುವುದು ಉಸಿರಿನ ಕೊಳವೆ; ಅದು ಧ್ವನಿ ಹೊರಡಿಸುವ ತಂತುಗಳ ನಡುವೆ ಹಾದು ಹೋಗುವುದರಿಂದ ಅಪ್ಪನಿಗೆ ಮಾತನಾಡಲು ಆಗುವುದಿಲ್ಲ, ನಿನ್ನ ಮೇಲಿನ ಕೋಪದಿಂದ ಸುಮ್ಮನಿರುವುದಲ್ಲ ಎಂದು ಬಿಡಿಸಿ ಹೇಳಿ. ಮೂಗಿನಲ್ಲಿರುವುದು ಊಟದ ಕೊಳವೆ. ಬೆರಳಿಗೆ ಸಿಕ್ಕಿಸಿದ ಕೆಂಪು ದೀಪ ರಕ್ತದಲ್ಲಿ ಎಷ್ಟು ಆಮ್ಲಜನಕವಿದೆ ಎಂದು ನೋಡುತ್ತದೆ. ಅದನ್ನು ಮಗುವಿನ ಬೆರಳಿಗೂ ಒಮ್ಮೆ ಹಾಕಿ ತೋರಿಸುತ್ತೇವೆ, ಹೆಚ್ಚಿನ ಮಕ್ಕಳ ಹೆದರಿಕೆ ಅಲ್ಲಿಗೇ ಅರ್ಧ ಇಳಿಯುತ್ತದೆ. ಅಲಾರಂ ಕೂಗುತ್ತದೆ ಎಂದು ಮೊದಲೇ ಹೇಳಿಡಿ. ಕೂಗಿದಾಗಲೆಲ್ಲ ಅಪಾಯವೆಂದು ಅರ್ಥವಲ್ಲ. ಔಷಧಿ ಮುಗಿಯಲು ಬಂದರೂ, ಬೆರಳಿನ ದೀಪ ಜಾರಿದರೂ ಅದು ಕೂಗುತ್ತದೆ.

"ಅಪ್ಪ ಮಲಗಿದ್ದಾರೆ" ಎಂದಷ್ಟೇ ಹೇಳಿ ಬಿಡಬೇಡಿ. ಮಲಗಿದವರು ಏಳುವುದಿಲ್ಲ ಎಂದು ಮಗು ಕಲಿತರೆ ರಾತ್ರಿ ತಾನು ಮಲಗಲು, ನಿಮ್ಮನ್ನು ಮಲಗಗೊಡಲು ಹೆದರುತ್ತದೆ. ಇದು ಔಷಧಿಯ ನಿದ್ದೆ, ರಾತ್ರಿ ನಾವು ಮಾಡುವ ನಿದ್ದೆಯಲ್ಲ ಎಂದು ಬೇರ್ಪಡಿಸಿ ಹೇಳಿ.

ಒಳಗೆ ಐದರಿಂದ ಹತ್ತು ನಿಮಿಷ ಸಾಕು. ಮಗುವಿಗೆಂದೇ ಇನ್ನೊಬ್ಬ ದೊಡ್ಡವರು ಜೊತೆಗಿರಬೇಕು, ಏಕೆಂದರೆ ನೀವು ಕುಸಿದು ಅತ್ತರೆ ಅವನನ್ನು ಹೊರಗೆ ಕರೆದೊಯ್ಯಲು ಕೈಯೊಂದು ಬೇಕಾಗುತ್ತದೆ. ಮುಟ್ಟು, ಮಾತಾಡಿಸು ಎಂದು ಒತ್ತಾಯಿಸಬೇಡಿ. ಬಾಗಿಲವರೆಗೆ ಬಂದು ಹಿಂದಿರುಗಿದರೂ ಅದು ಭೇಟಿಯೇ.

ತಣ್ಣೆಳಲು (ಬೆಳಗ್ಗೆ 8:40)

ಅಲ್ಲಿ ಇರುವವರೆಲ್ಲ ಸೋಂಕಿಗೆ ಸುಲಭವಾಗಿ ತುತ್ತಾಗುವವರು. ಮಕ್ಕಳು ಸದಾ ಸಿಂಬಳ, ಕೆಮ್ಮು ಹೊತ್ತು ತಿರುಗುವವರು. ನಿಯಮವನ್ನು ಯಾರೋ ಸುಮ್ಮನೆ ಮಾಡಿರಲಿಕ್ಕಿಲ್ಲ.

ವೈದ್ಯವೃತ್ತಿ (ಬೆಳಗ್ಗೆ 9:30)

ಸೋಂಕಿನ ಪ್ರಶ್ನೆ ನ್ಯಾಯವಾದದ್ದು, ಆದರೆ ಅದಕ್ಕೆ ವಯಸ್ಸೊಂದೇ ಅಳತೆಗೋಲಲ್ಲ. ಇಟಲಿಯ ಒಂದು ಹೃದ್ರೋಗ ಐಸಿಯುನಲ್ಲಿ 226 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಎರಡು ತಿಂಗಳು ಬಿಗಿಯಾದ ಭೇಟಿ ಸಮಯ, ಎರಡು ತಿಂಗಳು ಮುಕ್ತ ಭೇಟಿ, ಹೀಗೆ ಅದಲು ಬದಲು ಮಾಡುತ್ತಾ ನೋಡಿದರು. ಮುಕ್ತ ಭೇಟಿಯ ತಿಂಗಳುಗಳಲ್ಲಿ ಕೋಣೆಯಲ್ಲಿ ಸೂಕ್ಷ್ಮಜೀವಿಗಳು ಹೆಚ್ಚು ಕಂಡವು ನಿಜ, ಆದರೆ ರೋಗಿಗಳಲ್ಲಿ ಸೋಂಕಿನ ತೊಡಕುಗಳು ಹೆಚ್ಚಲಿಲ್ಲ, ಹೃದಯಕ್ಕೆ ಸಂಬಂಧಿಸಿದ ದೊಡ್ಡ ತೊಡಕುಗಳು ಕಡಿಮೆಯೇ ಆದವು. ಅದು ಮಕ್ಕಳನ್ನೇ ಗುರಿಯಾಗಿಟ್ಟು ಮಾಡಿದ ಅಧ್ಯಯನವಲ್ಲ ಎಂಬುದನ್ನು ಮರೆಯಬಾರದು. ಆದರೂ ಹೊರಗಿನವರು ಬಂದರೆ ಸೋಂಕು ಬಂದೇ ಬರುತ್ತದೆ ಎಂಬ ನಂಬಿಕೆಯನ್ನು ಅದು ಅಲುಗಿಸಿತು.

ಕರೆತರಲೇಬಾರದ ಸಂದರ್ಭಗಳೂ ಇವೆ. ಜ್ವರ, ನೆಗಡಿ, ಕೆಮ್ಮು, ವಾಂತಿ ಭೇದಿ ಇರುವ ಮಗು ಬರಕೂಡದು. ತರಗತಿಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಬಂದಿದ್ದು, ನಿಮ್ಮ ಮಗುವಿಗೆ ಅದು ಹಿಂದೆ ಬಂದಿರದೆ, ಲಸಿಕೆಯೂ ಆಗಿರದಿದ್ದರೆ ಮೂರು ವಾರ ಕಾಯಬೇಕು, ಏಕೆಂದರೆ ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಅದು ಹರಡಲು ತೊಡಗುತ್ತದೆ. ಅಸ್ಥಿಮಜ್ಜೆಯ ಕಸಿಯಾದವರು, ಬಿಳಿ ರಕ್ತಕಣಗಳು ತೀರಾ ಇಳಿದವರು ಇರುವ ಘಟಕಗಳ ಬಿಗಿ ನಿಯಮಗಳನ್ನು ಗೌರವಿಸಲೇಬೇಕು. ಆರೋಗ್ಯವಾಗಿರುವ ಮಗು ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಸ್ಯಾನಿಟೈಸರ್‌ನಿಂದ 20ರಿಂದ 30 ಸೆಕೆಂಡ್ ಕೈ ಉಜ್ಜಿಕೊಂಡರೆ, ಕೆಮ್ಮುತ್ತಲೇ ಬರುವ ದೊಡ್ಡವರಿಗಿಂತ ಅದರಿಂದಾಗುವ ಅಪಾಯ ಕಡಿಮೆ. ಒಳಗೆ ಬರುವ ನೆಂಟರನ್ನು "ನಿಮಗೆ ನೆಗಡಿ ಇದೆಯೇ" ಎಂದು ನಾವು ಕೇಳುವುದೇ ಇಲ್ಲ, ಇದು ನಮ್ಮ ಲೋಪ.

ತಣ್ಣೆಳಲು (ಬೆಳಗ್ಗೆ 9:52)

ಸೋಂಕಿನ ವಿಷಯದಲ್ಲಿ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಮನಸ್ಸಿನ ವಿಷಯದಲ್ಲಿ ಇನ್ನೂ ಇಲ್ಲ.

ಹಳೆಯ ಕಡತ (ಬೆಳಗ್ಗೆ 10:10)

ಒಂದು ಕಾಲದಲ್ಲಿ ಇದೇ ನಿಯಮ ಮಕ್ಕಳ ವಾರ್ಡುಗಳಲ್ಲಿ ತಿರುವುಮುರುವಾಗಿತ್ತು. ಮಗು ಆಸ್ಪತ್ರೆಗೆ ಸೇರಿದರೆ ತಾಯಿಯನ್ನೇ ದೂರವಿಡುತ್ತಿದ್ದರು, ಅಮ್ಮ ಬಂದು ಹೋದರೆ ಮಗು ಅಳುತ್ತದೆ ಎಂಬುದೇ ಕಾರಣ. ಬ್ರಿಟನ್ನಿನಲ್ಲಿ 1959ರ ಪ್ಲ್ಯಾಟ್ ವರದಿಯು ತಂದೆ ತಾಯಿಗಳಿಗೆ ನಿರ್ಬಂಧವಿಲ್ಲದ ಭೇಟಿ ಇರಬೇಕೆಂದು ಹೇಳಿದ ಮೇಲೂ ಎಲ್ಲ ಆಸ್ಪತ್ರೆಗಳು ಒಪ್ಪಿಕೊಳ್ಳಲು ವರ್ಷಗಳೇ ಹಿಡಿದವು. ಇಂದು ಮಗುವಿನ ಹಾಸಿಗೆಯ ಬಳಿ ತಾಯಿ ಇರಬಾರದೆಂದು ಯಾರಾದರೂ ಹೇಳಿದರೆ ನಾವು ಸಹಿಸುತ್ತೇವೆಯೇ?

ಒಂಬತ್ತರ ನೆನಪು (ಬೆಳಗ್ಗೆ 10:31)

ಹೋಲಿಕೆ ಸರಿಯಾಗಲಿಲ್ಲ ಸರ್. ಅಲ್ಲಿ ಮಗುವೇ ರೋಗಿ, ಅಮ್ಮ ಬಂದು ಸಂತೈಸುತ್ತಾಳೆ. ಇಲ್ಲಿ ಸಂತೈಸಬೇಕಾದ ಅಪ್ಪನೇ ಪ್ರಜ್ಞೆ ಇಲ್ಲದೆ ಮಲಗಿದ್ದಾರೆ, ಮಗು ಯಾರ ಬಳಿಗೆ ಹೋಗಬೇಕು?

ಹಳೆಯ ಕಡತ (ಬೆಳಗ್ಗೆ 10:38)

ಒಪ್ಪುತ್ತೇನೆ, ಆ ವ್ಯತ್ಯಾಸವನ್ನು ನಾನು ಗಮನಿಸಿರಲಿಲ್ಲ. ಬೇರೆಯಾಗಿದ್ದರೆ ಮಗುವಿಗೆ ಒಳಿತು ಎಂದು ದೊಡ್ಡವರು ಮಗುವನ್ನು ಕೇಳದೆಯೇ ತೀರ್ಮಾನಿಸುತ್ತಾರೆ ಎಂಬಷ್ಟು ಮಟ್ಟಿಗೆ ಮಾತ್ರ ನನ್ನ ಹೋಲಿಕೆ ಉಳಿಯಲಿ.

ಎದ್ದು ಬಂದವನು (ಮಧ್ಯಾಹ್ನ 12:45)

ಹಾಸಿಗೆಯ ಮೇಲೆ ಮಲಗಿದ್ದವನ ಮಾತನ್ನೂ ಕೇಳಿ. ನಾಲ್ಕು ವರ್ಷಗಳ ಹಿಂದೆ ಇಪ್ಪತ್ತೆರಡು ದಿನ ನಾನು ವೆಂಟಿಲೇಟರ್ ಮೇಲಿದ್ದೆ. ನಿದ್ರೆಯ ಔಷಧಿ ಕಡಿಮೆ ಮಾಡುತ್ತಾ ಬಂದಾಗ ಸನ್ನಿ ಹಿಡಿಯಿತು, ಡಾಕ್ಟರುಗಳು ಡೆಲಿರಿಯಂ ಎನ್ನುತ್ತಾರಲ್ಲ, ಅದು. ಗೋಡೆಯ ತುಂಬ ಇರುವೆ ಹರಿಯುತ್ತಿತ್ತು, ನರ್ಸುಗಳು ನನ್ನನ್ನು ಕೊಲ್ಲಲು ಸಂಚು ಮಾಡುತ್ತಿದ್ದಾರೆಂದು ನಂಬಿದ್ದೆ. ಅಂಥ ದಿನವೊಂದರಲ್ಲಿ ನನ್ನ ಮಗಳ ಧ್ವನಿ ಕೇಳಿಸಿತು. ಅವಳಿಗೆ ಆಗ ಆರು ವರ್ಷ. ಮನೆಯ ಬೆಕ್ಕು ಮೂರು ಮರಿ ಹಾಕಿತೆಂದು ಹೇಳುತ್ತಿದ್ದಳು. ಕಣ್ಣು ತೆರೆಯಲಾಗಲಿಲ್ಲ, ಆದರೆ ಬೆಕ್ಕಿನ ಮರಿ ಮಾತ್ರ ನಿಜ, ಉಳಿದದ್ದೆಲ್ಲ ಸುಳ್ಳಿರಬಹುದು ಎಂಬ ಅನುಮಾನ ಮೊದಲ ಬಾರಿಗೆ ಹುಟ್ಟಿತು. ಅದೇ ಅನುಮಾನವನ್ನು ಹಿಡಿದುಕೊಂಡು ಮೇಲೆ ಬಂದೆ ಎಂದು ನನಗೆ ಇಂದಿಗೂ ಅನಿಸುತ್ತದೆ.

ಇನ್ನೊಂದು ಮಾತನ್ನೂ ಮುಚ್ಚಿಡಲಾರೆ. ನನ್ನ ಹದಿನಾಲ್ಕು ವರ್ಷದ ಮಗ, ನಾನು ಕೂಗಾಡುತ್ತಾ ನರ್ಸ್ ಒಬ್ಬರ ಕೈ ತಿರುಚಿದ ದಿನವೇ ಬಂದಿದ್ದ. ಅದನ್ನು ಅವನು ನೋಡಬಾರದಾಗಿತ್ತು. ಅವನೂ ಅದರ ಬಗ್ಗೆ ಮಾತನಾಡುವುದಿಲ್ಲ, ನಾನೂ ಕೇಳುವುದಿಲ್ಲ. ಆದ್ದರಿಂದ ಮಕ್ಕಳನ್ನು ಕರೆತರುವ ಹೊತ್ತಿಗೆ ರೋಗಿಯ ಸ್ಥಿತಿ ಹೇಗಿದೆ ಎಂದು ಅರ್ಧ ಗಂಟೆ ಮೊದಲು ವಿಚಾರಿಸಿ, ಸರಿಯಿಲ್ಲವೆಂದರೆ ಬಾಗಿಲಿಂದಲೇ ಹಿಂದಿರುಗಿ.

ಎರಡನೆಯ ಅಮ್ಮ (ಮಧ್ಯಾಹ್ನ 1:20)

ಎಲ್ಲರೂ ಚಿಕ್ಕವನ ಬಗ್ಗೆಯೇ ಮಾತನಾಡುತ್ತಿದ್ದೀರಿ. ಬಾಗಿಲ ಮರೆಯಲ್ಲಿ ನಿಲ್ಲುವ ಹನ್ನೊಂದರ ಹುಡುಗಿಯ ಬಗ್ಗೆ ನನಗೆ ಹೆಚ್ಚು ಆತಂಕವಾಗುತ್ತಿದೆ. ಚಿಕ್ಕವನು ತನ್ನ ಭಯವನ್ನು ಬಾಯಿಬಿಟ್ಟು ಕೇಳಿಬಿಟ್ಟ. ಆ ವಯಸ್ಸಿನ ಮಕ್ಕಳು ತಾವು ಅಂದುಕೊಂಡದ್ದು, ಮಾಡಿದ್ದು ಎಲ್ಲಕ್ಕೂ ಲೋಕದಲ್ಲಿ ಫಲವಿದೆ ಎಂದೇ ನಂಬಿರುತ್ತಾರೆ. ಒಮ್ಮೆ ಹೇಳಿದರೆ ಸಾಲದು, ಹತ್ತು ಸಲ ಕೇಳಿದರೆ ಹತ್ತು ಸಲವೂ ಅದೇ ಉತ್ತರವನ್ನು ಅದೇ ಮಾತಿನಲ್ಲಿ ಕೊಡಬೇಕು. ಹುಡುಗಿ ಮಾತ್ರ ಕದ್ದು ಕೇಳಿದ ಅರ್ಧ ವಾಕ್ಯಗಳನ್ನು ತಾನೇ ಪೂರ್ಣ ಮಾಡಿಕೊಳ್ಳುತ್ತಿದ್ದಾಳೆ, ಬಹುಶಃ ಫೋನಿನಲ್ಲಿ ಹುಡುಕಿಯೂ ಓದುತ್ತಿದ್ದಾಳೆ. ಅವಳನ್ನು ತಮ್ಮನಿಲ್ಲದಾಗ ಕೂರಿಸಿಕೊಂಡು, "ನಿನಗೆ ಏನು ಗೊತ್ತಿದೆ, ಮೊದಲು ನೀನು ಹೇಳು" ಎಂದು ಕೇಳಿ. ನೀವು ಹೇಳಲು ಶುರುಮಾಡುವ ಮೊದಲು ಅವಳು ಹೇಳಲಿ.

ನನ್ನ ಅಕ್ಕ ಐಸಿಯುನಲ್ಲಿದ್ದಾಗ ಅವಳ ಮಗ ಹನ್ನೆರಡರವನು, ಬರುವುದಿಲ್ಲ ಎಂದುಬಿಟ್ಟ. ನೆಂಟರು "ಅಮ್ಮನ ಮೇಲೆ ಪ್ರೀತಿಯೇ ಇಲ್ಲವಾ" ಎಂದು ಅವನೆದುರಿಗೇ ಆಡಿದರು. ಆ ಮಾತನ್ನು ಯಾರೂ ಆಡದಂತೆ ನೋಡಿಕೊಳ್ಳುವುದೂ ನಿಮ್ಮ ಪಾಲಿಗೆ ಬರುತ್ತದೆ. ಇಂದು ಬೇಡ ಎಂದವರು ನಾಳೆ ಬೇಕು ಎನ್ನಬಹುದು, ಆ ಬಾಗಿಲನ್ನು ತೆರೆದೇ ಇಡಿ. ನಮ್ಮ ಹುಡುಗ ಅಮ್ಮನ ಕೈಯ ಅಚ್ಚನ್ನು ಕಾಗದದ ಮೇಲೆ ತೆಗೆಸಿ ತರಲು ನರ್ಸಿಗೆ ಚೀಟಿ ಬರೆದುಕೊಟ್ಟ. ಅಕ್ಕ ಮನೆಗೆ ಬಂದ ಮೇಲೆ ಅದೇ ಅಚ್ಚಿನ ಮೇಲೆ ಅವಳ ಕೈ ಇಡಿಸಿ ಸರಿಹೊಂದುತ್ತದೆಯೇ ಎಂದು ನೋಡಿದ.

ಬಿಡಿ ಹಾಳೆ (ಮಧ್ಯಾಹ್ನ 1:48)

ಹೋಗಲು ಒಲ್ಲದ ಮಕ್ಕಳಿಗೆ ಇನ್ನೊಂದು ದಾರಿ ಐಸಿಯು ದಿನಚರಿ. ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಕಡೆ ನರ್ಸುಗಳು ಆರಂಭಿಸಿದ ಪದ್ಧತಿ ಇದು. ಹಾಸಿಗೆಯ ಬಳಿ ಒಂದು ಪುಸ್ತಕ ಇಟ್ಟು, ರೋಗಿಗೆ ಎಚ್ಚರವಿಲ್ಲದ ದಿನಗಳಲ್ಲಿ ಏನಾಯಿತೆಂದು ದಿನವೂ ನಾಲ್ಕು ಸಾಲು ಬರೆಯುತ್ತಾರೆ, ಮನೆಯವರೂ ಬರೆಯಬಹುದು. ಮಗಳು ಮನೆಯಲ್ಲೇ ಕೂತು ಬರೆದು ಕಳುಹಿಸಲಿ, ಮಗ ಚಿತ್ರ ಬಿಡಿಸಲಿ. ಎಚ್ಚರವಾದ ಮೇಲೆ ಕಳೆದುಹೋದ ದಿನಗಳನ್ನು ಜೋಡಿಸಿಕೊಳ್ಳಲು ರೋಗಿಗೂ ಅದು ಬೇಕಾಗುತ್ತದೆ.

ಎದ್ದು ಬಂದವನು (ಮಧ್ಯಾಹ್ನ 1:55)

ನನಗೆ ಯಾರಾದರೂ ಹಾಗೆ ಬರೆದಿಟ್ಟಿದ್ದರೆ! ಆ ಇಪ್ಪತ್ತೆರಡು ದಿನಗಳಲ್ಲಿ ನನ್ನ ಬಳಿ ಉಳಿದಿರುವುದು ಇರುವೆಗಳು ಮತ್ತು ಬೆಕ್ಕಿನ ಮರಿ ಮಾತ್ರ.

ಗಣಿತದ ಮೇಷ್ಟ್ರು (ಮಧ್ಯಾಹ್ನ 3:10)

ಹನ್ನೊಂದು ವರ್ಷದ ಮಕ್ಕಳಿಗೆ ಯಂತ್ರದ ಕಥೆ ಹೇಳಿದರೆ ಹೆದರಿಕೆ ಕುತೂಹಲವಾಗುವುದನ್ನು ನಾನು ಕಂಡಿದ್ದೇನೆ. 1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹರಡಿ ನೂರಾರು ಜನ ಉಸಿರಾಡಲಾಗದೆ ಮಲಗಿದಾಗ, ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರ ಸಲಹೆಯಂತೆ ಗಂಟಲಿಗೆ ಕೊಳವೆ ಹಾಕಿ, ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಪಕ್ಕದಲ್ಲಿ ಕುಳಿತು ಹಗಲೂ ರಾತ್ರಿ ರಬ್ಬರ್ ಚೀಲವನ್ನು ಕೈಯಿಂದ ಒತ್ತುತ್ತಾ ಉಸಿರು ಕೊಟ್ಟರು. ರೋಗಿಗಳಲ್ಲಿ ಬಹಳಷ್ಟು ಮಂದಿ ಮಕ್ಕಳು. ಮುಂದಿನ ವರ್ಷ ಇಬ್ಸೆನ್ ಅದೇ ನಗರದಲ್ಲಿ ತೆರೆದ ಘಟಕವೇ ಇಂದಿನ ಐಸಿಯುಗಳ ಮೂಲ. ಅಪ್ಪನ ಪಕ್ಕದ ಯಂತ್ರ ಆ ವಿದ್ಯಾರ್ಥಿಗಳ ಕೈಗಳ ಕೆಲಸ ಮಾಡುತ್ತಿದೆ ಎಂದು ಮಗಳಿಗೆ ಹೇಳಿ ನೋಡಿ ಅಮ್ಮ.

ವೈದ್ಯವೃತ್ತಿ (ಮಧ್ಯಾಹ್ನ 3:42)

ಫಲಕದ ನಿಯಮದ ಬಗ್ಗೆ ಒಂದು ಮಾತು. ಬಾಗಿಲಲ್ಲಿರುವ ಕಾವಲುಗಾರರ ಜೊತೆ ವಾದಿಸಬೇಡಿ, ಅವರ ಕೈಯಲ್ಲಿ ಏನೂ ಇಲ್ಲ. ಘಟಕದ ಮುಖ್ಯ ವೈದ್ಯರನ್ನೋ ನರ್ಸಿಂಗ್ ಇನ್‌ಚಾರ್ಜ್ ಅವರನ್ನೋ ಕಂಡು, ಮಗ ಏನು ಕೇಳಿದ ಎಂಬುದನ್ನು ಅವನ ಮಾತಿನಲ್ಲೇ ಹೇಳಿ. ಎಷ್ಟು ಹೊತ್ತು, ಯಾರ ಜೊತೆ, ಹೇಗೆ ಸಿದ್ಧಪಡಿಸಿದ್ದೀರಿ ಎಂದು ನೀವೇ ಮುಂದಾಗಿ ತಿಳಿಸಿದರೆ ಅವರಿಗೆ ಒಪ್ಪಿಕೊಳ್ಳುವುದು ಸುಲಭವಾಗುತ್ತದೆ. ಅಮೆರಿಕದ ಸೊಸೈಟಿ ಆಫ್ ಕ್ರಿಟಿಕಲ್ ಕೇರ್ ಮೆಡಿಸಿನ್ ಸಂಸ್ಥೆಯ 2017ರ ಮಾರ್ಗಸೂಚಿ ಕುಟುಂಬದವರಿಗೆ ಮುಕ್ತವಾದ, ಸಡಿಲವಾದ ಭೇಟಿಯನ್ನೇ ಸೂಚಿಸುತ್ತದೆ, ಅದನ್ನು ಓದಿದ ವೈದ್ಯರು ನಿಮ್ಮ ಮಾತನ್ನು ತಳ್ಳಿಹಾಕಲಾರರು. ಪಾಳಿ ಬದಲಾಗುವ ಹೊತ್ತು, ವೈದ್ಯರು ರೌಂಡ್ಸ್ ಬರುವ ಹೊತ್ತು ಬೇಡ.

ಮುಪ್ಪಿನ ಮಾತು (ಸಂಜೆ 5:25)

ನಾನು ಅತ್ತೆಯ ಸ್ಥಾನದಲ್ಲಿ ನಿಂತು ಬರೆಯುತ್ತಿದ್ದೇನೆ ಮಗಳೇ. ನನ್ನ ಮಗನೂ ಹೀಗೆ ಮಲಗಿದ್ದಾಗ ಮೊಮ್ಮಕ್ಕಳನ್ನು ಕರೆದೊಯ್ಯಬೇಡಿ ಎಂದು ನಾನೇ ಹಟ ಹಿಡಿದಿದ್ದೆ. ಮಕ್ಕಳಿಗೆ ಭಯವಾಗುತ್ತದೆ ಎಂದು ಬಾಯಲ್ಲಿ ಹೇಳುತ್ತಿದ್ದೆ. ಮಕ್ಕಳನ್ನು ಕರೆದರೆ ಅವನು ಉಳಿಯುವುದಿಲ್ಲ ಎಂದು ಒಪ್ಪಿಕೊಂಡಂತೆ ಎಂಬುದು ನನ್ನ ಒಳಗಿನ ಭಯವಾಗಿತ್ತು. ನಿಮ್ಮ ಅತ್ತೆಯವರನ್ನು ಬದಿಗೆ ಸರಿಸಿ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಅವರ ಮಗ ಅಲ್ಲಿ ಮಲಗಿದ್ದಾನೆ. ಅವರ ಕೈ ಹಿಡಿದು ಒಮ್ಮೆ ಕೇಳಿ, ಮಕ್ಕಳ ಜೊತೆ ಅವರನ್ನೂ ಬರಲು ಹೇಳಿ.

ಇಬ್ಬರ ಅಮ್ಮ (ರಾತ್ರಿ 10:50)

ಎಲ್ಲರ ಮಾತುಗಳನ್ನೂ ಎರಡೆರಡು ಸಲ ಓದಿದೆ. ಮುಪ್ಪಿನ ಮಾತು ಅವರೇ, ನಿಮ್ಮ ಬರಹವನ್ನು ಅತ್ತೆಯವರಿಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು, ಆಮೇಲೆ "ಹುಡುಗನನ್ನು ನಾನೇ ಎತ್ತಿಕೊಳ್ಳುತ್ತೇನೆ" ಎಂದರು. ಮುಖ್ಯ ವೈದ್ಯರು ಹತ್ತು ನಿಮಿಷಕ್ಕೆ ಒಪ್ಪಿದ್ದಾರೆ. ಮಗಳ ಜೊತೆ ಮಾತನಾಡಿದೆ. ಅವಳಿಗೆ ವೆಂಟಿಲೇಟರ್, ಆಮ್ಲಜನಕ, ನ್ಯುಮೋನಿಯಾ ಎಲ್ಲವೂ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಒಂದೇ, ಅಪ್ಪನಿಗೆ ನೋವಾಗುತ್ತಿದೆಯೇ ಎಂಬುದು.

ಒಂದು ಪ್ರಶ್ನೆ ಉಳಿದಿದೆ, ಬರೆಯಲು ಕೈ ಬರುತ್ತಿಲ್ಲ. ಅಪ್ಪ ಸತ್ತು ಹೋಗುತ್ತಾರಾ ಎಂದು ಮಗ ಕೇಳಿದರೆ ಏನೆಂದು ಹೇಳಲಿ?

ರಾತ್ರಿಪಾಳಿ (ರಾತ್ರಿ 11:15)

ನೋವಿಗೂ ಔಷಧಿ ಹೋಗುತ್ತಿರುತ್ತದೆ, ನೋವಿದೆಯೇ ಎಂದು ನಾವು ಮತ್ತೆ ಮತ್ತೆ ನೋಡುತ್ತಲೇ ಇರುತ್ತೇವೆ. ಇದನ್ನು ಮಗಳಿಗೆ ಧೈರ್ಯವಾಗಿ ಹೇಳಿ, ಒಳಗೆ ಬಂದಾಗ ಅಲ್ಲಿಯ ನರ್ಸನ್ನೇ ಕೇಳಲಿ.

ಮಗನ ಪ್ರಶ್ನೆಗೆ, ಇಲ್ಲ ಎಂದು ಭರವಸೆ ಕೊಡಬೇಡಿ ಅಕ್ಕ. "ಅಪ್ಪನಿಗೆ ತುಂಬಾ ಜೋರು ಕಾಯಿಲೆ ಬಂದಿದೆ. ತುಂಬಾ ಜೋರು ಕಾಯಿಲೆ ಬಂದವರು ಕೆಲವರು ಸಾಯುತ್ತಾರೆ, ಅನೇಕರು ವಾಸಿಯಾಗುತ್ತಾರೆ. ಅಪ್ಪ ಇವತ್ತು ಬದುಕಿದ್ದಾರೆ, ಡಾಕ್ಟರು ವಾಸಿ ಮಾಡಲು ಎಲ್ಲವನ್ನೂ ಮಾಡುತ್ತಿದ್ದಾರೆ. ಏನಾದರೂ ಬದಲಾದರೆ ನಾನೇ ನಿನಗೆ ಹೇಳುತ್ತೇನೆ." ಇಷ್ಟು ಸಾಕು. ಕೊನೆಯ ವಾಕ್ಯವನ್ನು ತಪ್ಪದೆ ಹೇಳಿ, ಅದನ್ನು ಉಳಿಸಿಕೊಳ್ಳಿ. ಅವನನ್ನು ನೋಡಿಕೊಳ್ಳಲು ಯಾರು ಯಾರು ಇದ್ದಾರೆ ಎಂಬುದನ್ನೂ ಹೆಸರು ಹಿಡಿದು ಹೇಳಿ, ಏಕೆಂದರೆ ಆ ವಯಸ್ಸಿನ ಮಗು ಬಾಯಿಬಿಟ್ಟು ಕೇಳದ ಪ್ರಶ್ನೆ ಸಾಮಾನ್ಯವಾಗಿ ಅದೇ ಆಗಿರುತ್ತದೆ.

ಹೊರಗೆ ನಿಂತವನು (ರಾತ್ರಿ 11:21)

ಈ ನಾಲ್ಕು ವಾಕ್ಯಗಳನ್ನು ನನಗೆ ಯಾರೂ ಹೇಳಲಿಲ್ಲ. ಓದಿ ಕಣ್ಣು ತುಂಬಿ ಬಂತು.

ಇಬ್ಬರ ಅಮ್ಮ (ಬುಧವಾರ, ರಾತ್ರಿ 9:35)

ಇವತ್ತು ಹೋಗಿ ಬಂದೆವು. ಬೆಳಗ್ಗೆ ಫೋಟೋಗಳನ್ನು ತೋರಿಸಿದಾಗ ಮಗ ಮುಖದ ಫೋಟೋವನ್ನು ದೂರ ತಳ್ಳಿ "ಇದು ಅಪ್ಪ ಅಲ್ಲ" ಎಂದ. ಕರೆದೊಯ್ಯುವುದು ಬೇಡವೆಂದು ಅಲ್ಲಿಗೇ ನಿಲ್ಲಿಸಲು ಹೊರಟಿದ್ದೆ. ಅವನೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಬಂದು ನಿಂತ.

ಒಳಗೆ ಅತ್ತೆಯವರ ಸೊಂಟದ ಮೇಲೆ ಕೂತು ಮೊದಲು ಯಂತ್ರಗಳನ್ನು ನೋಡಿದ, ನರ್ಸ್ ಅವನ ಬೆರಳಿಗೆ ಕೆಂಪು ದೀಪ ಸಿಕ್ಕಿಸಿದರು. ಮುಖದ ಕಡೆ ನೋಡಲೇ ಇಲ್ಲ. ಹಾಸಿಗೆಯ ಕೊನೆಯಲ್ಲಿ ಹೊದಿಕೆ ಸರಿದು ಅವರ ಪಾದ ಕಾಣುತ್ತಿತ್ತು. ಬಲಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿದೆ, ಕಳೆದ ತಿಂಗಳು ಮಂಚ ಸರಿಸುವಾಗ ಮಗನೇ ಜೊತೆಗಿದ್ದು ಆದ ಪೆಟ್ಟು ಅದು. ಅವನು ಕೆಳಗಿಳಿದು ಹತ್ತಿರ ಹೋಗಿ ನೋಡಿ, "ಅಜ್ಜಿ, ಇದು ಅಪ್ಪನ ಕಾಲೇ" ಎಂದ. ಆಮೇಲೆ ಹೊರಡುವವರೆಗೂ ಆ ಪಾದವನ್ನು ಹಿಡಿದುಕೊಂಡೇ ನಿಂತಿದ್ದ. ಹೊರಡುವಾಗ ತಾನಾಗಿ, ನಾನು ಬೆನ್ನ ಮೇಲೆ ಹತ್ತಿದ್ದಕ್ಕೆ ಹೀಗಾಯಿತಾ ಎಂದು ನರ್ಸನ್ನು ಕೇಳಿದ. ಅವರು ಮಂಡಿಯೂರಿ ಕೂತು, "ಇಲ್ಲ ಪುಟ್ಟ, ಇದು ರೋಗಾಣುವಿನಿಂದ ಬಂದದ್ದು, ನಾನು ಇದನ್ನು ದಿನವೂ ನೋಡುತ್ತೇನೆ, ಬೆನ್ನ ಮೇಲೆ ಹತ್ತಿದರೆ ಇದು ಬರುವುದಿಲ್ಲ" ಎಂದರು. ನನ್ನ ಮಾತಿಗಿಂತ ಅವರ ಮಾತನ್ನು ಹೆಚ್ಚು ನಂಬಿದ.

ಮಗಳು ಬಾಗಿಲವರೆಗೆ ಬಂದು ನಿಂತಳು, ಒಳಗೆ ಬರಲಿಲ್ಲ. ಗಾಜಿನಾಚೆಯಿಂದ ಮಾನಿಟರ್ ನೋಡಿ ಅಂಕಿಗಳನ್ನು ಪುಸ್ತಕದಲ್ಲಿ ಬರೆದುಕೊಂಡಳು. ರಾತ್ರಿ ಇಬ್ಬರೂ ನನ್ನ ಜೊತೆ ಮಲಗಿದ್ದಾರೆ. ಮಗಳು ಮಲಗುವ ಮೊದಲು ಅತ್ತಳು, ಇಷ್ಟು ದಿನದಲ್ಲಿ ಇದೇ ಮೊದಲು.

ಒಂಬತ್ತರ ನೆನಪು (ರಾತ್ರಿ 9:58)

ಐದು ವರ್ಷದವನ ವಿಷಯದಲ್ಲಿ ನಾನು ಹೇಳಿದ್ದು ತಪ್ಪಾಗಿತ್ತು. ಅವನಿಗೆ ತಾನು ಎಲ್ಲಿಂದ ನೋಡಬೇಕೆಂದು ಆರಿಸಿಕೊಳ್ಳಲು ಬಿಟ್ಟಿರಿ. ನನ್ನನ್ನು ನೇರವಾಗಿ ಮುಖದ ಮುಂದೆ ನಿಲ್ಲಿಸಿದ್ದರು.

ತಣ್ಣೆಳಲು (ರಾತ್ರಿ 10:04)

ಪತಿಯವರು ಬೇಗ ಗುಣವಾಗಲಿ ಮೇಡಂ. ಆ ಪಾದದ ಮಾತು ನನ್ನನ್ನು ಬಿಡುತ್ತಿಲ್ಲ.

ಇಬ್ಬರ ಅಮ್ಮ (ರಾತ್ರಿ 10:20)

ಶನಿವಾರ ಮತ್ತೆ ಬರುತ್ತೇನೆಂದು ಮಗ ಹೇಳಿ ಬಂದಿದ್ದಾನೆ. ಆದರೆ ಅಷ್ಟರಲ್ಲಿ ಬಾಯಿಯ ಕೊಳವೆ ತೆಗೆದು ಕುತ್ತಿಗೆಯಲ್ಲಿ ರಂಧ್ರ ಮಾಡಿ ಕೊಳವೆ ಹಾಕಬೇಕಾಗಬಹುದು ಎಂದು ವೈದ್ಯರು ಸಂಜೆ ಹೇಳಿದರು. ಇದನ್ನೂ ಅವನಿಗೆ ಹೇಳಬೇಕೇ?

ರಾತ್ರಿಪಾಳಿ (ರಾತ್ರಿ 10:26)

ಖಂಡಿತ ಹೇಳಬೇಕು, ಅದೂ ಹಿಂದಿನ ದಿನವೇ. ಟ್ರೇಕಿಯಾಸ್ಟಮಿ ಆದ ಮೇಲೆ ಬಾಯಿ ಖಾಲಿಯಾಗಿ ಮುಖ ಹೆಚ್ಚು ಗುರುತು ಸಿಗುತ್ತದೆ, ನಿದ್ರೆಯ ಔಷಧಿಯನ್ನೂ ಸಾಮಾನ್ಯವಾಗಿ ಕಡಿಮೆ ಮಾಡಲಾಗುತ್ತದೆ, ಆದ್ದರಿಂದ ಅಪ್ಪ ಕಣ್ಣು ಬಿಟ್ಟು ನೋಡಲೂಬಹುದು. ಕಣ್ಣು ಬಿಟ್ಟರೂ ಧ್ವನಿ ಬರುವುದಿಲ್ಲ, ಗುರುತು ಹಿಡಿಯದೆಯೂ ಇರಬಹುದು, ಇದನ್ನು ಮೊದಲೇ ತಿಳಿಸಿ. ಒಂದು ಗೊಂಬೆಯ ಕುತ್ತಿಗೆಗೆ ಚಿಕ್ಕ ಕೊಳವೆಯನ್ನು ಅಂಟುಪಟ್ಟಿಯಿಂದ ಅಂಟಿಸಿ ತೋರಿಸಿದರೆ ಅವನಿಗೆ ಬೇಗ ಅರ್ಥವಾಗುತ್ತದೆ.

ಇಬ್ಬರ ಅಮ್ಮ (ರಾತ್ರಿ 10:31)

ಅವನ ಬಳಿ ಒಂದು ಕರಡಿ ಗೊಂಬೆ ಇದೆ. ಕೊಳವೆ ಅಂಟಿಸುವ ಕೆಲಸವನ್ನು ಮಗಳಿಗೆ ಕೊಡುತ್ತೇನೆ.